ಹರಟೆಮಲ್ಲಗಳ ಭಾನುವಾರ

ಭಾನುವಾರ ಬೆಳಿಗ್ಗೆ ಒಂಬತ್ತಾಯಿತೆಂದರೆ ಅಕ್ಕನ ಫೋನು ಬಡಿದುಕೊಳ್ಳುತ್ತದೆ. ಅಕ್ಕ ಇರುವುದು ಛತ್ರಪತಿ ಸಂಭಾಜಿನಗರದ ಸಿಡ್ಕೋ ಬಡಾವಣೆಯಲ್ಲಿ, ತಮ್ಮ ನಾಸಿಕ್‌ನ ಗಂಗಾಪುರ ರಸ್ತೆಯ ಕಡೆ. ನಡುವೆ ಹತ್ತಿರ ಹತ್ತಿರ ಇನ್ನೂರು ಕಿಲೋಮೀಟರ್ ದಾರಿ. ಬಿ.ಪಿ., ಮಕ್ಕಳ ನೌಕರಿ, ಬೀಗರ ಸುದ್ದಿ ಇವೆಲ್ಲ ಬೇಕಾದರೆ ಕೊನೆಗೆ. ಮೊದಲ ಪ್ರಶ್ನೆ ಎಷ್ಟೋ ವರ್ಷಗಳಿಂದ ಒಂದೇ.

"ಮಂದಿ ಬಂದಾರೇನಕ್ಕಾ?"

"ಬಂದಾರ. ಏಳು ಮಂದಿ. ನೀರು ಕುಡಿಯೂದು ಬಿಟ್ಟು ಜಗಳಾ ತಗದಾರ."

ಮಂದಿ ಎಂದರೆ ಹಕ್ಕಿಗಳು. ಮಣ್ಣಿನ ಬಣ್ಣದ, ಕೆದರಿದ ಗರಿಯ, ಸದಾ ಯಾರ ಮೇಲೋ ಸಿಟ್ಟಾದಂತೆ ಬಿಳಿಚು ಕಣ್ಣು ಬಿಡುವ ಹಕ್ಕಿಗಳು. ಒಂದು ನೆಲಕ್ಕಿಳಿದರೆ ಹಿಂಡೇ ಇಳಿಯುತ್ತದೆ, ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಕನ್ನಡದಲ್ಲಿ ಇದಕ್ಕೆ ಹರಟೆಮಲ್ಲ ಎಂದು ಹೆಸರು. ಮರಾಠಿಯಲ್ಲಿ ಸಾತಭಾಯಿ, ಅಂದರೆ ಏಳು ಜನ ಅಣ್ಣತಮ್ಮಂದಿರು. ಇಂಗ್ಲಿಷರು ಅದೇ ಹಿಂಡನ್ನು ಏಳು ಜನ ಅಕ್ಕತಂಗಿಯರು ಮಾಡಿಕೊಂಡರು. ಕನ್ನಡದವರು ಕೇಳಿಸಿಕೊಂಡದ್ದು ಬಾಯಿಯನ್ನು, ಉಳಿದವರು ಎಣಿಸಿದ್ದು ತಲೆಗಳನ್ನು. ಅಕ್ಕನ ಅಂಗಳದಲ್ಲಿ ಅವು ಒಮ್ಮೊಮ್ಮೆ ಐದಿರುತ್ತವೆ, ಒಮ್ಮೊಮ್ಮೆ ಒಂಬತ್ತು. ಫೋನಿನಲ್ಲಿ ಮಾತ್ರ ಯಾವಾಗಲೂ ಏಳೇ.

ಈ ಮಾತುಕತೆಯಲ್ಲಿ ಸುದ್ದಿ ಎನ್ನುವಂಥದ್ದು ಏನೂ ಇರುವುದಿಲ್ಲ. ಆದರೆ ಆ ಒಂದು ತಾಸಿನಲ್ಲಿ ಇಬ್ಬರೂ ಆಡುವಷ್ಟು ಕನ್ನಡವನ್ನು ವಾರದ ಉಳಿದ ಆರು ದಿನ ಸೇರಿಸಿದರೂ ಆಡುವುದಿಲ್ಲ. ಅಕ್ಕ ಮೂವತ್ತು ವರ್ಷ ಮರಾಠಿ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಅವಳಿಗೆ ಲೆಕ್ಕ ಮರಾಠಿಯಲ್ಲಿ, ಸಿಟ್ಟು ಮರಾಠಿಯಲ್ಲಿ, ಕನಸೂ ಹೆಚ್ಚಿನಂಶ ಮರಾಠಿಯಲ್ಲಿ. ಕನ್ನಡ ಉಳಿದಿರುವುದು ಅಡಿಗೆಮನೆಯಲ್ಲಿ ಒಂದಿಷ್ಟು, ಹಿತ್ತಲಲ್ಲಿ ಪೂರ್ತಿ. ಅಳಿಲು ಅವಳಿಗೆ ಇವತ್ತಿಗೂ ಇಣಚಿ. ಬೇಲಿಯ ಮೇಲೆ ತಲೆ ಕುಣಿಸುವುದು ಓತಿಕ್ಯಾತ. ರಾತ್ರಿ ನೀರಿನ ಟಾಕಿಯ ಮೇಲೆ ಕೂಡುವುದು ಗೂಗಿ. ಇವೇ ಮೂರೂ ಅವಳ ತರಗತಿಯಲ್ಲಿ ಖಾರ, ಸರಡಾ, ಘುಬಡ ಆಗಿದ್ದವು. ಪ್ರತಿ ಪ್ರಾಣಿಗೂ ಮನೆಯ ಹೆಸರು ಒಂದು, ಸಾಲಿಯ ಹೆಸರು ಇನ್ನೊಂದು. ಅಕ್ಕ-ತಮ್ಮ ಬೆಳೆದದ್ದು ಈ ಎರಡು ಹೆಸರುಗಳ ನಡುವಿನ ಓಣಿಯಲ್ಲಿ.

ಅಪ್ಪ ಮೂಲತಃ ಬಿಜಾಪುರ ಜಿಲ್ಲೆಯವರು. ಬೆಂಗಳೂರಿನಲ್ಲಿ ಎಚ್‌ಎಎಲ್ ಸೇರಿ, 1970ರಲ್ಲಿ ನಾಸಿಕ್ ವಿಭಾಗಕ್ಕೆ ಬಂದರು. ಆ ವಿಭಾಗ ಶುರುವಾದದ್ದು 1964ರಲ್ಲಿ, ರಷ್ಯದ ಮಿಗ್-21 ಯುದ್ಧವಿಮಾನವನ್ನು ಇಲ್ಲಿ ತಯಾರಿಸಲಿಕ್ಕೆ. ವಿಮಾನದ ಮೈ ನಾಸಿಕ್‌ನಲ್ಲಿ, ಎಂಜಿನ್ ಒಡಿಶಾದ ಕೋರಾಪುಟ್‌ನಲ್ಲಿ, ಎಲೆಕ್ಟ್ರಾನಿಕ್ಸ್ ಹೈದರಾಬಾದಿನಲ್ಲಿ ಎಂದು ಕೆಲಸ ಹಂಚಿಕೆಯಾಗಿತ್ತು. ಕಾರ್ಖಾನೆ ಇರುವುದು ಊರಿನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಆಚೆ, ಓಝರ್‌ನಲ್ಲಿ. ಸುತ್ತ ದ್ರಾಕ್ಷಿ ತೋಟ, ಉಳ್ಳಾಗಡ್ಡಿ ಹೊಲ. ನಡುವೆ ಟೌನ್‌ಶಿಪ್ಪು, ಅದರಲ್ಲಿ ಬೆಂಗಳೂರಿನಿಂದ ಬಂದ ಸಂಸಾರಗಳು. ಸಂಜೆ ಒಂದು ಸಾಲಿನ ಕ್ವಾರ್ಟರ್ಸಿನಲ್ಲಿ ಕನ್ನಡ, ಎದುರು ಸಾಲಿನಲ್ಲಿ ತಮಿಳು, ಕೆಲಸದ ಬಾಯಿ ಬಂದಾಗ ಎಲ್ಲರದೂ ಮುರುಕು ಮರಾಠಿ. ಅಪ್ಪನ ಜೊತೆ ಅಪ್ಪನ ತಾಯಿಯೂ ಬಂದಿದ್ದರು. ಬಿಜಾಪುರದ ಕಡೆಯ ಎಷ್ಟೋ ಮನೆಗಳಂತೆ ಮಕ್ಕಳು ಅವರನ್ನು ಕರೆಯುತ್ತಿದ್ದುದು ಆಯಿ ಎಂದು. ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಹೀಗಾಗಿ ಶಾಲೆಯ ಬಾಯಿಯವರು, ಅಂದರೆ ಶಿಕ್ಷಕಿಯರು, ಎಷ್ಟೋ ದಿನ ಈ ಮಕ್ಕಳ ತಾಯಿಗೆ ಎಪ್ಪತ್ತು ವರ್ಷ ಎಂದೇ ತಿಳಿದಿದ್ದರು.

ತಮ್ಮನ ಶಾಲೆಯ ಮೊದಲ ವಾರದ ಕತೆಯನ್ನು ಅಕ್ಕ ಈಗಲೂ ವರ್ಷಕ್ಕೆ ಎರಡು ಸಲವಾದರೂ ಹೇಳುತ್ತಾಳೆ. ಮನೆಯಲ್ಲೊಂದು ನಾಯಿ ಇತ್ತು. ಕ್ವಾರ್ಟರ್ಸಿನ ಹಿಂದೆ ತಾನಾಗಿಯೇ ಬಂದು ಸೇರಿಕೊಂಡ, ಒಂದು ಕಿವಿ ಮಡಿಚಿದ ಕಂದು ನಾಯಿ. ಮಹಾರಾಷ್ಟ್ರದಲ್ಲಿ ನಾಯಿಗೆ ಇಡುವ ಹೆಸರೆಂದರೆ ಮೋತ್ಯಾ, ಅದಕ್ಕೂ ಅದೇ ಆಯಿತು. ಬಾಯಿಯವರು ಒಬ್ಬೊಬ್ಬರನ್ನೇ ನಿಲ್ಲಿಸಿ, ನಿಮ್ಮ ಮನೆಯಲ್ಲಿ ಯಾವ ಪ್ರಾಣಿ ಇದೆ ಎಂದು ಕೇಳುತ್ತ ಬಂದರು. ತಮ್ಮ ಎದ್ದು ನಿಂತು ಕೈಕಟ್ಟಿ "ನಾಯಿ" ಎಂದ. ಮರಾಠಿಯ ಆಡುಮಾತಿನಲ್ಲಿ "ನಾಯ್" ಎಂದರೆ ಇಲ್ಲ. ಯಾವುದೂ ಇಲ್ಲವೇ ಎಂದು ಬಾಯಿ ಮತ್ತೆ ಕೇಳಿದರು. ಅವನು ಇನ್ನೂ ಗಟ್ಟಿಯಾಗಿ "ನಾಯಿ! ನಾಯಿ!" ಎಂದ. ಇಲ್ಲದಿದ್ದರೆ ಇಲ್ಲ, ಅಳುವುದು ಯಾಕೆ ಎಂದು ಸಮಾಧಾನ ಮಾಡಿ ಕೂಡಿಸಿದರು. ಮಧ್ಯಾಹ್ನದ ಸುಟ್ಟಿಯ ಹೊತ್ತಿಗೆ ಮೋತ್ಯಾ ಹುಡುಗನ ವಾಸನೆ ಹಿಡಿದು ತರಗತಿಯೊಳಗೇ ಬಂದು, ಮುಂದಿನ ಬೆಂಚಿನ ಕೆಳಗೆ ಆರಾಮಾಗಿ ಮಲಗಿತು. ತಮ್ಮ ಎರಡೂ ಕೈಯಿಂದ ಅದನ್ನು ತೋರಿಸಿ ಹೇಳಿದ್ದು ಮತ್ತೆ ಅದೇ ಶಬ್ದ.

ಅದೇ ಮೋತ್ಯಾಗೆ ಮಿಗ್ ಎಂದರೆ ಆಗುತ್ತಿರಲಿಲ್ಲ. ಪರೀಕ್ಷೆಯ ಹಾರಾಟಕ್ಕೆ ವಿಮಾನ ಎದ್ದಿತೆಂದರೆ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು, ಕಪಾಟಿನ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಮೋತ್ಯಾ ಆಕಾಶಕ್ಕೆ ಮುಖ ಮಾಡಿ ಉದ್ದಕ್ಕೆ ಊಳಿಡುತ್ತಿತ್ತು. ವಿಚಿತ್ರವೆಂದರೆ ಊಳಿಡಲು ಶುರುಮಾಡುತ್ತಿದ್ದುದು ಸದ್ದು ಬರುವ ಮುಂಚೆ. ಅಪ್ಪನಿಗೆ ಅದರ ಮೇಲೆ ಎಷ್ಟು ಭರವಸೆ ಎಂದರೆ, ರಜೆಯ ದಿನ ಮನೆಯಲ್ಲಿ ಕೂತು, ನಾಯಿ ತಲೆ ಎತ್ತಿದ ಕೂಡಲೇ ಗಡಿಯಾರ ನೋಡಿ "ಇವತ್ತ ಹತ್ತು ಮಿನಿಟು ತಡಾ" ಎನ್ನುತ್ತಿದ್ದರು.

ಹಿತ್ತಲಿಗೆ ಕರಿಬೇವಿನ ಗಿಡ ಬಂದದ್ದು ಬಿಜಾಪುರದಿಂದ, ಒದ್ದೆ ಅರಿವೆಯಲ್ಲಿ ಸುತ್ತಿ, ಆಯಿಯ ಸೀರೆಯ ಗಂಟಿನಲ್ಲಿ. ಓಝರ್‌ನಲ್ಲೂ ಕರಿಬೇವು ಸಿಗುತ್ತಿತ್ತು, ಆದರೆ ಆಯಿಯ ಪ್ರಕಾರ ಅದಕ್ಕೆ ವಾಸನೆ ಇರಲಿಲ್ಲ. ಮೂರನೆಯ ವರ್ಷ ಗಿಡ ಎದೆಮಟ್ಟ ಬೆಳೆದಾಗ ಅದರ ಚಿಗುರೆಲ್ಲ ಕಾಣೆಯಾಗತೊಡಗಿತು. ಎಲೆಯ ಮೇಲೆ ಅಲ್ಲಲ್ಲಿ ಹಕ್ಕಿ ಹಿಕ್ಕೆ ಬಿದ್ದಂತಿತ್ತು. ಹಿಕ್ಕೆಯೊಂದು ಮೆಲ್ಲಗೆ ಮುಂದಕ್ಕೆ ಸರಿದಾಗ ತಮ್ಮ ಕಿರುಚಿದ. ಅದು ಹುಳ. ಕರಿಬೇವು, ನಿಂಬೆಗಳ ಮೇಲೆ ಬದುಕುವ ಈ ಚಿಟ್ಟೆಜಾತಿಯ ಮರಿಹುಳಕ್ಕೆ ಎಳೆತನದಲ್ಲಿ ಹಕ್ಕಿ ಹಿಕ್ಕೆಯದೇ ವೇಷ. ಹಕ್ಕಿಗಳು ತಮ್ಮ ಹಿಕ್ಕೆಯನ್ನು ತಾವೇ ತಿನ್ನಲಾರವಲ್ಲ. ಬಲಿತ ಮೇಲೆ ಎಲೆಯ ಹಸಿರಿಗೆ ತಿರುಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಬಣ್ಣದ ಎರಡು ಮೆತ್ತನೆಯ ಕೊಂಬು ಫಕ್ಕನೆ ಹೊರಬರುತ್ತವೆ, ಜೊತೆಗೆ ಕೊಳೆತ ಹಣ್ಣಿನಂಥ ನಾತ.

ಆಯಿ ಒಲೆಯ ಬೂದಿ ತಂದು ಗಿಡಕ್ಕೆ ಎರಚುವ ಮೊದಲು ತಮ್ಮ ನಾಲ್ಕು ಹುಳ ಎತ್ತಿ ತನ್ನ ಕಂಪಾಸ್ ಪೆಟ್ಟಿಗೆಯಲ್ಲಿಟ್ಟ. ಕೈವಾರ, ಕೋನಮಾಪಕ ಎಲ್ಲ ಚೀಲದ ತಳಕ್ಕೆ ಹೋದವು. ದಿನಾ ಬೆಳಿಗ್ಗೆ ಎರಡು ಎಸಳು ಕರಿಬೇವು ಪೆಟ್ಟಿಗೆಗೆ, ಎರಡು ಎಸಳು ಒಗ್ಗರಣೆಗೆ. ನಾಲ್ಕರಲ್ಲಿ ಎರಡು ಸತ್ತವು, ಒಂದು ಓಡಿಹೋಯಿತು. ಉಳಿದದ್ದು ಮುಚ್ಚಳಕ್ಕೆ ಎಳೆಯೊಂದರ ಸೊಂಟಪಟ್ಟಿ ಕಟ್ಟಿಕೊಂಡು ಕೋಶವಾಯಿತು. ಅದಾದ ಹತ್ತು ಹನ್ನೆರಡು ದಿನಕ್ಕೆ, ಭೂಮಿತಿಯ ತಾಸಿನಲ್ಲಿ, ಸರ್ ಬೋರ್ಡಿನ ಮೇಲೆ ವರ್ತುಲ ತೆಗೆದು ಎಲ್ಲರಿಗೂ ಕೈವಾರ ತೆಗೆಯಿರಿ ಎಂದರು. ತಮ್ಮ ಪೆಟ್ಟಿಗೆ ತೆರೆದ. ಒಳಗೆ ಕಪ್ಪು ಚಿಟ್ಟೆ, ರೆಕ್ಕೆ ಇನ್ನೂ ಒದ್ದೆ, ಹಿಂಡಿದ ಅರಿವೆಯಂತೆ ಮುದುಡಿತ್ತು. ಹಿಂರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳ ಒಂದು ಸಾಲು. ಅಂಚಿಗೆ ಹತ್ತಿ ಜೋತುಬಿದ್ದು, ರಕ್ತ ತುಂಬಿಕೊಂಡು ರೆಕ್ಕೆ ಹರಡಿಕೊಳ್ಳಲಿಕ್ಕೆ ಅದಕ್ಕೆ ಇಡೀ ತಾಸು ಹಿಡಿಯಿತು. ಸರ್ ಬೈಯಲಿಲ್ಲ. ಬೋರ್ಡು ಒರೆಸಿ, ಕುರ್ಚಿ ಎಳೆದುಕೊಂಡು ಬಂದು ಅವನ ಬೆಂಚಿನ ಪಕ್ಕ ಕೂತರು. ವರ್ತುಲದ ಪರಿಘ ತೆಗೆಯುವುದು ತನಗೆ ಇವತ್ತಿಗೂ ಬರುವುದಿಲ್ಲ, ಅದಕ್ಕೆ ಆ ಚಿಟ್ಟೆಯೇ ಕಾರಣ ಎಂದು ತಮ್ಮ ಹೇಳುತ್ತಾನೆ. ಅವನು ನಾಲ್ಕು ದಶಕ ಲೆಕ್ಕಪತ್ರದ ಕೆಲಸ ಮಾಡಿದವನು, ಆದ್ದರಿಂದ ಈ ಮಾತನ್ನು ಪೂರ್ತಿ ನಂಬಬೇಕಿಲ್ಲ.

ಮಹಾರಾಷ್ಟ್ರ 2015ರಲ್ಲಿ ತನ್ನ ರಾಜ್ಯಚಿಟ್ಟೆಯನ್ನು ಘೋಷಿಸಿತು. ಹಾಗೆ ಮಾಡಿದ ಮೊದಲ ರಾಜ್ಯ ಅದೇ. ಆರಿಸಿದ್ದು ಇದೇ ಕುಲದ ದೊಡ್ಡಣ್ಣನನ್ನು, ಬ್ಲೂ ಮಾರ್ಮನ್. ಮರಾಠಿಯಲ್ಲಿ ನೀಲವಂತ. ಆ ಸುದ್ದಿ ಬಂದ ಭಾನುವಾರ ತಮ್ಮ ಒಂಬತ್ತು ಗಂಟೆಗೂ ಕಾಯಲಿಲ್ಲ.

ಇಣಚಿಯ ವಿಷಯ ಮಾತ್ರ ಮನೆಯಲ್ಲಿ ಯಾವತ್ತೂ ಬಗೆಹರಿಯಲಿಲ್ಲ. ಮೊದಲ ತಕರಾರು ಹೆಸರಿನದು. ಅಕ್ಕ ಶಾಲೆಯಿಂದ ಬಂದು "ಖಾರ ಗಿಡಾ ಹತ್ತೇತಿ" ಎಂದಾಗ ಆಯಿ ಅಡಿಗೆಮನೆಗೆ ಹೋಗಿ ಖಾರದಪುಡಿಯ ಡಬ್ಬಿ ನೋಡಿ ಬಂದರು. ಎರಡನೆಯದು ಪಟ್ಟೆಯದು. ರಾಮ ಸೇತುವೆ ಕಟ್ಟುವಾಗ ಮೈಗೆ ಮರಳು ಮೆತ್ತಿಕೊಂಡು ಬಂದ ಅಳಿಲು, ಅದರ ಬೆನ್ನು ಸವರಿದ ರಾಮನ ಮೂರು ಬೆರಳು, ಆ ಮೂರು ಗೆರೆ. ಈ ಕತೆ ಕನ್ನಡನಾಡಿನ ಯಾವ ಮಗುವಿಗೆ ಗೊತ್ತಿಲ್ಲ? ಆದರೆ ಓಝರ್‌ನ ಬೇವಿನ ಮರದ ಇಣಚಿಯನ್ನು ಹಿಡಿದು, ಶೇಂಗಾ ತಿನ್ನಿಸುತ್ತ, ತಮ್ಮ ಎಣಿಸಿದಾಗ ಗೆರೆ ಐದಿದ್ದವು. ಭಾರತದಲ್ಲಿ ಮನೆಯ ಸುತ್ತ ಓಡಾಡುವ ಅಳಿಲುಗಳಲ್ಲಿ ಮೂರು ಪಟ್ಟೆಯದು ಒಂದು, ಐದು ಪಟ್ಟೆಯದು ಇನ್ನೊಂದು. ದಕ್ಷಿಣದಲ್ಲಿ ಮೂರರದು ಹೆಚ್ಚು, ಉತ್ತರಕ್ಕೆ ಹೋದಂತೆ ಐದರದು. ಇದನ್ನು ಅಕ್ಕ ಕಾಲೇಜಿನಲ್ಲಿ ಓದಿದ್ದು ಎಷ್ಟೋ ವರ್ಷದ ಮೇಲೆ. ಆಗ ಆಯಿಯ ಹತ್ತಿರ ಕಾಲೇಜಿನ ಪುಸ್ತಕ ಇರಲಿಲ್ಲ, ಪಂಚವಟಿ ಇತ್ತು. ರಾಮ, ಸೀತೆ, ಲಕ್ಷ್ಮಣ ವನವಾಸ ಮಾಡಿದರೆನ್ನುವ ಪಂಚವಟಿ ನಾಸಿಕ್‌ನಲ್ಲೇ ಗೋದಾವರಿಯ ದಂಡೆಗಿದೆ. ಐದು ಆಲದ ಮರಗಳಿಂದ ಆ ಹೆಸರು. ಆಯಿ ಒಂದು ರಾತ್ರಿ ಯೋಚನೆ ಮಾಡಿ ಮರುದಿನ ತೀರ್ಪು ಕೊಟ್ಟರು.

"ಅಲ್ಲಿ ಸೇತುವಿ ಕಟ್ಟೂ ಗಡಿಬಿಡ್ಯಾಗ ಮೂರ ಬಟ್ಟಲೆ ಸವರ್ಯಾನ. ಇಲ್ಲಿ ಸ್ವಂತ ಮನಿ, ಪುರುಸೊತ್ತಿತ್ತು. ಐದೂ ಬಟ್ಟು ಆಡಿಸ್ಯಾನ."

ಗುಬ್ಬಿಯ ಕತೆಯಲ್ಲೂ ಇಂಥದ್ದೇ ಜಗಳ. ಮರಾಠಿ ಮಕ್ಕಳ ಮೊದಲ ಕತೆ ಚಿಊ ಮತ್ತು ಕಾಊ: ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಮೇಣದ ಮನೆ, ಮಳೆ ಬಂದು ಕಾಗೆಯ ಮನೆ ಕೊಚ್ಚಿಹೋಗುತ್ತದೆ. ಆಯಿಯ ಕತೆಯ ಗುಬ್ಬಕ್ಕನದು ಕಲ್ಲಿನ ಮನೆ. ಅಕ್ಕ ಶಾಲೆಯ ಕತೆಯನ್ನು ಅಚ್ಚುಕಟ್ಟಾಗಿ ಒಪ್ಪಿಸಿದಾಗ ಆಯಿ ಕೇಳಿದ್ದು ಒಂದೇ: "ಮೇಣದ ಮನಿ ಬ್ಯಾಸಗ್ಯಾಗ ಕರಗೂದಿಲ್ಲೇನ?" ಅಕ್ಕ ಇದನ್ನು ಮರುದಿನ ತರಗತಿಯಲ್ಲಿ ಕೇಳಿ ಬೆಂಚಿನ ಮೇಲೆ ನಿಂತಳು.

ಆ ಕಾಲದಲ್ಲಿ ಕ್ವಾರ್ಟರ್ಸಿನ ಪ್ರತಿ ಮನೆಯಲ್ಲೂ ಗುಬ್ಬಿ ಗೂಡಿತ್ತು. ಫೋಟೋದ ಹಿಂದೆ, ಮೀಟರ್ ಪೆಟ್ಟಿಗೆಯ ಮೇಲೆ, ಫ್ಯಾನಿನ ಬಟ್ಟಲಲ್ಲಿ. ಹುಲ್ಲುಕಡ್ಡಿ ಅನ್ನದ ತಾಟಿಗೇ ಬೀಳುತ್ತಿತ್ತು. ಮೊಟ್ಟೆ ಇದ್ದರೆ ಮೇ ತಿಂಗಳಲ್ಲೂ ಫ್ಯಾನು ಹಾಕುವಂತಿರಲಿಲ್ಲ; ಅವ್ವ ಬೀಸಣಿಗೆ ಹಂಚುತ್ತಿದ್ದಳು. ಅಷ್ಟೊಂದು ಇದ್ದವು ಯಾವಾಗ ಹೋದವೋ, ಮನೆಯವರು ಯಾರೂ ಗಮನಿಸಲಿಲ್ಲ. ಗಮನಿಸಿದವರು ನಾಸಿಕ್‌ನವರೇ ಆದ ಮೊಹಮ್ಮದ್ ದಿಲಾವರ್. ಇಷ್ಟು ಸಾಮಾನ್ಯ ಹಕ್ಕಿಯ ಹಿಂದೆ ಯಾರೂ ಬೀಳದ ಹೊತ್ತಿನಲ್ಲಿ ಅವರು ಗುಬ್ಬಿಗಾಗಿ ಮರದ ಗೂಡುಪೆಟ್ಟಿಗೆಗಳನ್ನು ಮಾಡಿ ಹಂಚಿದರು, ನೇಚರ್ ಫಾರೆವರ್ ಸೊಸೈಟಿ ಕಟ್ಟಿದರು. ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ ಎಂದು ಜಗತ್ತು ಈಗ ಆಚರಿಸುವುದು ಅವರ ಹುಮ್ಮಸ್ಸಿನಿಂದಲೇ. ಮೊದಲ ಆಚರಣೆ 2010ರಲ್ಲಿ. ತಮ್ಮನ ಬಾಲ್ಕನಿಯಲ್ಲಿ ಈಗ ಅಂಥ ಎರಡು ಪೆಟ್ಟಿಗೆ ಇವೆ. ಒಂದರಲ್ಲಿ ಗುಬ್ಬಿ. ಇನ್ನೊಂದರಲ್ಲಿ ಮೂರು ವರ್ಷದಿಂದ ಇರುವೆ.

ಬೇಸಿಗೆ ಸುಟ್ಟಿಗೆ ಔರಂಗಾಬಾದ್. ಆಗ ಅದೇ ಹೆಸರು. ಛತ್ರಪತಿ ಸಂಭಾಜಿನಗರ ಎಂದಾದದ್ದು 2023ರಲ್ಲಿ. ರೈಲ್ವೆಯಲ್ಲಿದ್ದ ಸೋದರಮಾವ ಅಲ್ಲಿದ್ದರು. ನಾಸಿಕ್ ರೋಡಿನಿಂದ ಮನಮಾಡದವರೆಗೆ ದೊಡ್ಡ ಗಾಡಿ, ಮನಮಾಡದಲ್ಲಿ ಇಳಿದು ಮೀಟರ್ ಗೇಜಿನ ಸಣ್ಣ ಗಾಡಿ. ನಿಜಾಮರ ಕಾಲದಲ್ಲಿ ಹಾಕಿದ ಆ ಹಳಿ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಒಮ್ಮೆ ಮಾವ ಒಂದು ಬೆಕ್ಕಿನ ಮರಿ ಕೊಟ್ಟರು, ಬಿಳಿ ಮೈ, ಬಾಲದ ತುದಿಗಷ್ಟೇ ಕಪ್ಪು. ಮುಚ್ಚಳಕ್ಕೆ ಸುತಳಿ ಕಟ್ಟಿದ ಬಿದಿರು ಬುಟ್ಟಿಯಲ್ಲಿ ಅದರ ಪ್ರಯಾಣ. ಮನಮಾಡದ ಪ್ಲಾಟ್‌ಫಾರ್ಮಿನಲ್ಲಿ ಸುತಳಿ ಬಿಚ್ಚಿಹೋಯಿತು. ಮರಿ ಹಾರಿ, ಕಂಬಳಿ ಹಾಸಿ ಮಲಗಿದ್ದ ಹಮಾಲನೊಬ್ಬನ ಹೊಟ್ಟೆಯ ಮೇಲೆ ಕಾಲಿಟ್ಟು, ಚಹಾದ ಗಾಡಿಯ ಕೆಳಗೆ ಸೇರಿಕೊಂಡಿತು. ನಾಸಿಕ್‌ನ ಗಾಡಿ ಸೀಟಿ ಹಾಕಿತು. ಅವ್ವ ಹೊರಡೋಣ ಎಂದಳು, ಅಕ್ಕ ಪ್ಲಾಟ್‌ಫಾರ್ಮಿನ ಮೇಲೆ ಅಂಗಾತ ಬಿದ್ದಳು. ಗಾಡಿ ಹೋಯಿತು. ಮುಂದಿನದು ಮೂರು ತಾಸಿನ ಮೇಲೆ. ಚಹಾದವನು ಒಂದು ಬಟ್ಟಲು ಹಾಲಿಟ್ಟು ಮರಿಯನ್ನು ಹೊರಗೆ ಕರೆದ, ಹಾಲಿನ ದುಡ್ಡನ್ನೂ ತೆಗೆದುಕೊಂಡ.

ಮರಾಠಿ ಮನೆಗಳಲ್ಲಿ ಹೆಣ್ಣು ಬೆಕ್ಕಿಗೆ ರೂಢಿಯ ಹೆಸರು ಮನಿ. ಉತ್ತರ ಕರ್ನಾಟಕದಲ್ಲಿ ಮನಿ ಎಂದರೆ ಮನೆ. "ಮನಿ ಓಡಿ ಹೋತು, ಮನಿ ಕಟ್ಟಿ ಹತ್ತೇತಿ, ಮನಿ ಮರಿ ಹಾಕೇತಿ" ಎಂದು ಮಕ್ಕಳು ಹೇಳುವುದನ್ನು ಕೇಳಿ ಕೇಳಿ ಆಯಿಗೆ ಸಾಕಾಗಿತ್ತು. "ಬೆಕ್ಕಿಗೆ ಮನಿ ಅಂತಾರ, ಮನಿಗೆ ಘರ ಅಂತಾರ, ಎಂಥಾ ದೇಶಕ್ಕ ತಂದ ಒಗದ್ಯೋ ಯಪ್ಪಾ" ಎಂದು ಮಗನಿಗೆ ಹೇಳುತ್ತಿದ್ದರು.

ಮಾವನ ಮನೆ ಹಿಮಾಯತ್ ಬಾಗ್‌ಗೆ ಹತ್ತಿರ. ಮೊಗಲರ ಕಾಲದ ಆ ವಿಶಾಲ ತೋಪಿನಲ್ಲಿ ನವಿಲುಗಳಿದ್ದವು. ಮಳೆಗಾಲದ ಮೊದಲ ಮೋಡಕ್ಕೆ ಬೆಳಗಿನ ಜಾವ ಅವು ಕೂಗಿದರೆ ಓಣಿಯೆಲ್ಲ ಏಳುತ್ತಿತ್ತು. ಮಾವನ ಪಂಜರದಲ್ಲೊಂದು ಗಿಳಿಯಿತ್ತು, ದಖ್ಖನಿ ಹಿಂದಿಯಲ್ಲಿ ಬಂದವರನ್ನೆಲ್ಲ ಮಿಯಾ ಎಂದು ಕರೆಯುತ್ತಿತ್ತು. ದೇಶದ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಎಂದು ಆ ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಕ್ಕನಿಗೆ ತಿಳಿದದ್ದು ಶಿಕ್ಷಕಿಯಾದ ಮೇಲೆ. ಅವಳ ವಿದ್ಯಾರ್ಥಿಯೊಬ್ಬ ಗಿಳಿಯನ್ನು ತರಗತಿಗೆ ತಂದು ಹೆಮ್ಮೆಯಿಂದ ತೋರಿಸಿದ. ಅಕ್ಕ ಕಾಯ್ದೆ ವಿವರಿಸಿದಳು, ಮನೆಯವರನ್ನು ಕರೆಸಿದಳು, ಹಕ್ಕಿ ಅರಣ್ಯ ಇಲಾಖೆಗೆ ಹೋಯಿತು. ಮಾಡಿದ್ದು ಸರಿ ಎಂಬುದರಲ್ಲಿ ಅವಳಿಗೆ ಅನುಮಾನವಿಲ್ಲ. ಆದರೂ ಆ ಹುಡುಗ ವರ್ಷಪೂರ್ತಿ ಹಾಜರಿಗೆ ಮಾತ್ರ ಬಾಯಿ ಬಿಟ್ಟದ್ದನ್ನು ಅವಳು ಫೋನಿನಲ್ಲಿ ಆಗಾಗ ತೆಗೆಯುತ್ತಾಳೆ, ತಮ್ಮ ಆಗ ಬೇರೆ ಯಾವುದೋ ಮಾತಿಗೆ ಹೋಗುತ್ತಾನೆ.

ಶಾಲೆಯ ಸಹಲ್, ಅಂದರೆ ಪ್ರವಾಸ, ವೇರೂಳಕ್ಕೆ ಹೋದದ್ದು ಅಕ್ಕ ಏಳನೆಯದರಲ್ಲಿದ್ದಾಗ. ಹೊರಗಿನವರು ಎಲ್ಲೋರ ಎನ್ನುವ ವೇರೂಳದಲ್ಲಿ ಮೂವತ್ತನಾಲ್ಕು ಗುಹೆ, ಹದಿನಾರನೆಯದು ಕೈಲಾಸ. ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಇಳಿಸಿದ ಗುಡಿ. ಮೇಲಿನ ಶಿಖರಕ್ಕಿಂತ ಮಕ್ಕಳು ನೋಡುತ್ತ ನಿಂತದ್ದು ತಳದ ಆನೆಗಳನ್ನು: ಇಡೀ ಗುಡಿಯನ್ನು ಬೆನ್ನ ಮೇಲೆ ಹೊತ್ತಂತೆ ಸುತ್ತಲೂ ಸಾಲುಗಟ್ಟಿದ ಕಲ್ಲಾನೆಗಳು, ಬಹಳಷ್ಟರ ಸೊಂಡಿಲು ಮುರಿದಿದೆ. ಇದನ್ನು ಕಟ್ಟಿಸಿದವನು ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣ ಎಂದು ಗುರುಜಿ ಬರೆಸಿದರು. ಮನೆಗೆ ಬಂದು ಅದನ್ನು ಓದಿದಾಗ ಅಪ್ಪ ಪತ್ರಿಕೆ ಕೆಳಗಿಟ್ಟರು. ರಾಷ್ಟ್ರಕೂಟರು ಕನ್ನಡದವರು, ಅವರದೇ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಇದೇ ಗೋದಾವರಿಗೆ ತಂದು ನಿಲ್ಲಿಸುತ್ತದೆ ಎಂದು ಹೇಳಿದರು. ಆಯಿ ಒಳಗಿನಿಂದಲೇ ಕೇಳಿಸಿಕೊಂಡು, "ಹಂಗಾರ ಕಾಯಿಪಲ್ಲೆದಾಕಿ ಕನ್ನಡಾ ಯಾಕ ಮಾತಾಡೂದಿಲ್ಲ?" ಎಂದರು. ಅಪ್ಪ ಮತ್ತೆ ಪತ್ರಿಕೆ ಎತ್ತಿಕೊಂಡರು.

ಮರಾಠಿ ಪಾಠಗಳಿಂದ ಅಕ್ಕನ ಮನಸ್ಸಿನಲ್ಲಿ ಉಳಿದವು ಪೈಠಣದ ಎರಡು ಪ್ರಾಣಿಗಳು. ಒಂದು, ಸಂತ ಜ್ಞಾನೇಶ್ವರರು ವೇದ ಹೇಳಿಸಿದರೆನ್ನುವ ಕೋಣ. ಇನ್ನೊಂದು, ಸಂತ ಏಕನಾಥರ ಕತ್ತೆ: ರಾಮೇಶ್ವರದ ಅಭಿಷೇಕಕ್ಕೆಂದು ಹೊತ್ತು ತಂದ ಗಂಗೆಯ ನೀರನ್ನು ಅವರು ದಾರಿಯಲ್ಲಿ ಬಾಯಾರಿ ಬಿದ್ದಿದ್ದ ಕತ್ತೆಗೆ ಕುಡಿಸಿಬಿಟ್ಟರು. ಶಿಕ್ಷಕಿಯಾಗಿ ಪೈಠಣ ಇರುವ ಜಿಲ್ಲೆಯಲ್ಲೇ ನೆಲೆಸಿದ ಮೇಲೆ ಅವಳಿಗೆ ಎರಡನೆಯ ಕತೆ ಪವಾಡಕ್ಕಿಂತ ಹವಾಮಾನದ ವರದಿಯಂತೆ ಕಂಡಿತು. ಏಪ್ರಿಲ್-ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರು, ನಳದ ನೀರಿಗೆ ದಿನಗಟ್ಟಲೆ ಕಾಯುವ ಮನೆಗಳು. ಅಂಗಳದ ತುಳಸಿಕಟ್ಟೆಯ ಪಕ್ಕ ಒಂದು ಮಣ್ಣಿನ ಪರಟೆ ನೀರಿಟ್ಟರೆ ಸಾಕು. ಬೆಳಕು ಹರಿಯುವಾಗ ಪಿಕಳಾರ, ಆಮೇಲೆ ಹರಟೆಮಲ್ಲ, ಬಿಸಿಲೇರಿದಾಗ ಇಣಚಿ, ಮಟಮಟ ಮಧ್ಯಾಹ್ನ ಬೀದಿನಾಯಿ. ಬಾಯಾರಿದ ಸಾಲಿಗೆ ತನ್ನದೇ ಒಂದು ಶಿಸ್ತಿದೆ. ಮುಂಗುಸಿ ಬಂದಾಗ ಮಾತ್ರ ಎಲ್ಲರೂ ಸರದಿ ಬಿಟ್ಟುಕೊಡುತ್ತಾರೆ.

ಊರಿಗೆ ನೀರು ಬರುವುದು ಪೈಠಣದ ಜಾಯಕವಾಡಿ ಅಣೆಕಟ್ಟಿನಿಂದ. ಜಾಯಕವಾಡಿಗೆ ಬರುವುದು ನಾಸಿಕ್ ಕಡೆಯಿಂದ, ಗೋದಾವರಿಯಲ್ಲಿ. ಅಕ್ಟೋಬರ್ 15ಕ್ಕೆ ಜಾಯಕವಾಡಿ ನೂರಕ್ಕೆ 65ರಷ್ಟು ತುಂಬದಿದ್ದರೆ ಮೇಲಿನ ಅಣೆಕಟ್ಟುಗಳು ನೀರು ಬಿಡಬೇಕೆನ್ನುವ ಲೆಕ್ಕವಿದೆ, ಮಳೆ ಕಡಿಮೆಯಾದ ವರ್ಷ ಅದರ ಮೇಲೆ ಎರಡೂ ಕಡೆ ಮೋರ್ಚಾ. ಆ ತಿಂಗಳು ಭಾನುವಾರದ ಫೋನೂ ಸ್ವಲ್ಪ ಬಿಸಿಯಾಗುತ್ತದೆ. "ನಮ್ಮ ಪರಟೆ ಒಣಗೇತಿ, ನಿಮ್ಮ ದ್ರಾಕ್ಷಿಗೆ ಮಾತ್ರ ಭರಪೂರ" ಎಂದು ಅಕ್ಕ. "ದ್ರಾಕ್ಷಿ ತಿಂದಾಗ ನೆನಪಿರಲಿಲ್ಲೇನು" ಎಂದು ತಮ್ಮ. ಹಕ್ಕಿಗಳಿಗೆ ಈ ಜಗಳವಿಲ್ಲ. ನಾಸಿಕ್ ಜಿಲ್ಲೆಯ ನಾಂದೂರ್ ಮಧ್ಯಮೇಶ್ವರದಲ್ಲಿ, ಗೋದಾವರಿ-ಕಾದವಾ ನದಿಗಳು ಕೂಡುವ ಹಿನ್ನೀರಿನಲ್ಲಿ, ಚಳಿಗಾಲಕ್ಕೆ ಸಾವಿರಗಟ್ಟಲೆ ಬಾತುಗಳು ಇಳಿಯುತ್ತವೆ. 2020ರ ಜನವರಿಯಲ್ಲಿ ಅದು ಮಹಾರಾಷ್ಟ್ರದ ಮೊದಲ ರಾಮಸರ್ ತಾಣವೆಂದು ಘೋಷಣೆಯಾಯಿತು. ಅದೇ ನದಿಯಲ್ಲಿ ಇನ್ನೂ ಕೆಳಗೆ ಜಾಯಕವಾಡಿಯ ನಾಥಸಾಗರದಲ್ಲೂ ಪಕ್ಷಿಧಾಮವಿದೆ, ಅಲ್ಲಿ ರಾಜಹಂಸ. ಇಬ್ಬರೂ ತಮ್ಮ ತಮ್ಮ ಕೆರೆಯ ಹಕ್ಕಿಯೇ ಮೇಲು ಎನ್ನುತ್ತಾರೆ.

2019ರಲ್ಲಿ ಮಾತ್ರ ಪಂದ್ಯ ಸಮವಾಯಿತು. ಜನವರಿಯಲ್ಲಿ ಗಂಗಾಪುರ ರಸ್ತೆಯ ಸಾವರಕರ್ ನಗರಕ್ಕೆ ಹಾಡಹಗಲು ಚಿರತೆ ಬಂತು. ಕಬ್ಬಿನ ಗದ್ದೆಯೇ ಕಾಡಾಗಿರುವ ಜಿಲ್ಲೆ ಅದು, ಅಲ್ಲೇ ಹುಟ್ಟಿ ಬೆಳೆಯುವ ಚಿರತೆಗೆ ಸುಲಭದ ಊಟವೆಂದರೆ ನಾಯಿ. ತಮ್ಮ ತನ್ನ ನಾಯಿಯನ್ನು ಸ್ನಾನದ ಕೋಣೆಯಲ್ಲಿ ಹಾಕಿ, ತಾನೂ ಒಳಗೆ ಕೂತು ಫೋನು ಮಾಡಿದ. ಅಕ್ಕ ಹೊಟ್ಟೆ ಹಿಡಿದು ನಕ್ಕಳು. ಡಿಸೆಂಬರಿನಲ್ಲಿ ಸಿಡ್ಕೋದ ಎನ್-1ರಲ್ಲಿ ಬೆಳಗಿನ ವಾಕಿಂಗಿನವರಿಗೆ ಇನ್ನೊಂದು ಚಿರತೆ ಕಂಡಿತು. ಅರವಳಿಕೆ ಕೊಟ್ಟು ಹಿಡಿಯಲಿಕ್ಕೆ ತಾಸುಗಟ್ಟಲೆ ಹಿಡಿಯಿತು. ಆ ದಿನ ನಗುವ ಸರದಿ ತಮ್ಮನದು.

2025ರ ಸೆಪ್ಟೆಂಬರ್ 26ಕ್ಕೆ ವಾಯುಸೇನೆ ಚಂಡೀಗಢದಲ್ಲಿ ಮಿಗ್-21ಗೆ ವಿದಾಯ ಹೇಳಿತು. ಎರಡು ದಿನದ ಮೇಲಿನ ಭಾನುವಾರ ತಮ್ಮ ಟಿ.ವಿ.ಯ ಮುಂದೆ ಕೂತೇ ಫೋನು ಮಾಡಿದ. ಅಪ್ಪ ಇಲ್ಲ, ಆಯಿ ಇಲ್ಲ, ಮೋತ್ಯಾ ಹೋಗಿ ನಲವತ್ತು ವರ್ಷದ ಮೇಲಾಯಿತು. ಕೊನೆಯ ಹಾರಾಟದ ದೃಶ್ಯ ಬಂದಾಗ ಟಿ.ವಿ.ಯ ಸದ್ದು ಜೋರು ಮಾಡಿ ಫೋನನ್ನು ಅದರ ಹತ್ತಿರ ಹಿಡಿದ. ಅವನ ಈಗಿನ ನಾಯಿ ಸೋಫಾದ ಮೇಲೆ ಮಲಗಿತ್ತು, ಕಿವಿಯನ್ನೂ ಆಡಿಸಲಿಲ್ಲ.

"ಇದಕ್ಕೇನೂ ಗೊತ್ತಾಗೂದಿಲ್ಲಕ್ಕಾ. ಲ್ಯಾಬ್ರಡಾರು."

"ಇರಲಿ ಬಿಡು. ತಡಿ, ತಡಿ, ಇಣಚಿ ಬಂತು ಪರಟಿಗೆ. ಬೆನ್ನು ಈಕಡೆ ಮಾಡೇತಿ."

"ಎಣಸು."

"ಒಂದು, ಎಡ್ಡು, ಮೂರು ಚಲೋ ಕಾಣಸ್ತಾವ. ಪಕ್ಕಡೀ ಮ್ಯಾಲೆ ಮಸಕ ಒಂದು ಐತಿ, ನಾಕನೇದ್ದು ಅನ್ನೂಣ. ಆಕಡೆ ಪಕ್ಕಡೀ ಕಾಣವಲ್ದು."

"ತಿರಗಲಿ ತಡಿ."

"ಹೋತು. ಮಂದಿ ಬಂದ್ರು, ಹೆದರಿ ಗಿಡಾ ಹತ್ತಿತು."

"ಎಷ್ಟು ಮಂದಿ?"

"ಏಳು."